ಬಸ್ಸು ನಿಲ್ಲುವಷ್ಟು ಹೊತ್ತಿನ ಬರಹ

ಗೆಳೆಯರೇ, ಈ ವಾರ ನಾಲೆಗೆ ನೀರು ಬಿಡುವುದಿಲ್ಲ. ಇವತ್ತು ಇದನ್ನೇ ಮೊದಲು ಬರೆದುಬಿಟ್ಟಿದ್ದೇನೆ.

ಈಗಷ್ಟೇ ಅಕ್ಕಿಹೆಬ್ಬಾಳಿನ ರೈತರೊಬ್ಬರು ಬಾಡಿದ ಭತ್ತದ ಪೈರಿನ ಕಟ್ಟೊಂದನ್ನು ತಂದು, ಕೆ.ಆರ್. ಪೇಟೆ ಬಸ್ ನಿಲ್ದಾಣದಲ್ಲಿ ನಾನು ದಿನಾ ಸುದ್ದಿ ಬರೆಯುವ ಈ ಕರಿಹಲಗೆಯ ಕೆಳಗೆ ಎಸೆದರು.

"ಮೇಷ್ಟ್ರೇ, ನಾಳೆ ನೀರು ಬುಡ್ತಾರೆ ಅಂತ ನಿನ್ನೆ ನೀವೇ ಬರ್ದಿದ್ರಲ್ಲ? ಅದ್ನ ನೋಡ್ಕಂಡು ಓಗಿ ನಾಟಿ ಮಾಡಾಕೆ ಅಂತ ಒಟ್ಲು ಪೈರೆಲ್ಲ ಕಿತ್ಬುಟ್ಟೆ. ನಾಲೇಲಿ ತೊಟ್ಟು ನೀರಿಲ್ಲ!"

ನಿನ್ನೆ ಹಲಗೆ ತುಂಬ ಬರೆದಿದ್ದೆ. "ನಾಳೆ ನೀರು ಬಿಡುತ್ತಾರೆಂದು ಊರೆಲ್ಲ ಸುದ್ದಿ" ಎಂಬುದು ಮೊದಲ ಸಾಲು. ಓದುವವರಿಗೆ ಕುತೂಹಲ ಇರಲಿ ಎಂದು, ಆ ಸುದ್ದಿ ಸುಳ್ಳು ಎಂಬುದನ್ನು ಕೊನೆಯ ಸಾಲಿಗೆ ಇಟ್ಟಿದ್ದೆ.

"ಕೊನೇವರ್ಗೂ ಓದ್ಲಿಲ್ವಾ ಗೌಡ್ರೇ?"

"ಓದಕ್ಕೆ ಬಸ್ಸು ನಿಂತ್ರೆ ತಾನೆ? ಮುಂಚೆ ಡ್ರೈವರು ಟೀ ಕುಡಿಯೋಗಂಟ ನಿಲ್ತಿತ್ತು. ಈಗ ಇಂದ್ಗಡೆ ಬಸ್ಸು ಬಂದ್ಬುಡ್ತದೆ ಅಂತ ಜನುನ್ನ ಅತ್ತುಸ್ಕಂಡೇ ಒಂಟೋಯ್ತಾನೆ."

ಹಲಗೆಯನ್ನೇನೋ ಒರೆಸಿದೆ, ಕಿತ್ತ ಪೈರಿಗೆ ಏನು ಮಾಡಲಿ? ಇನ್ನು ಮೇಲೆ ಎರಡೇ ಸಾಲು ಎಂದುಕೊಂಡು ಸೀಮೆಸುಣ್ಣ ಹಿಡಿದವನು ಮತ್ತೆ ಇಷ್ಟುದ್ದ ಎಳೆದಿದ್ದೇನೆ.

ಇಲ್ಲಿಯವರೆಗೂ ಓದಿದ್ದೀರಿ ಎಂದರೆ, ನಿಮ್ಮ ಬಸ್ಸು ಹೊರಟುಹೋಗಿದೆ.