ಏಡಿ ಹಿಡಿಯಹೋದ ಮಾಸ್ತರ

ಕಳೆದ ತಿಂಗಳು ಒಂದು ಏಡಿ ನನ್ನ ಬಲಗೈಯ ತೋರುಬೆರಳನ್ನು ಹಿಡಿದುಕೊಂಡಿತು. ಹಿಡಿಯಲು ಹೋದವನು ನಾನು, ನಿಜ. ಆದರೆ ಹಿಡಿದದ್ದು ಅದು. ಹೊಳೆಯ ದಂಡೆಯಲ್ಲಿ ಧೋತರವನ್ನು ಮೊಣಕಾಲ ಮೇಲಕ್ಕೆ ಕಟ್ಟಿಕೊಂಡು, ಬಿಲದೊಳಗೆ ಮೊಣಕೈವರೆಗೆ ಕೈ ತೂರಿಸಿ ಬೋರಲು ಬಿದ್ದಿದ್ದೆ. ಒದರುವಂತೆಯೂ ಇರಲಿಲ್ಲ. ಒದರಿದರೆ ಮಂದಿ ಕೂಡುತ್ತಾರೆ.

ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುವ ಮನುಷ್ಯನಿಗೆ ಏಡಿಯ ಬಿಲದಲ್ಲಿ ಏನು ಕೆಲಸ?

ಈ ವಾರದ ಅಂಕಣದಲ್ಲಿ ಅದನ್ನೇ ಹೇಳುತ್ತೇನೆ. ಸವದತ್ತಿಗೂ ರಾಮದುರ್ಗಕ್ಕೂ ನಡುವೆ, ಮಲಪ್ರಭೆಯ ದಂಡೆಯ ಮೇಲೆ ನಮ್ಮದೊಂದು ಸಣ್ಣ ಊರು. ಊರಿನ ಹೆಸರು ಬೇಡ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. (ನಾನು ಇಲ್ಲಿ ಬರೆಯುವುದೇ ಗುಪ್ತನಾಮದಲ್ಲಿ ಎಂದು ನಿಮಗೆ ಗೊತ್ತು. ನನ್ನ ಧೈರ್ಯ ಅಷ್ಟರದು.)

ನನ್ನ ಹೆಂಡತಿ ಗಂಗಾಳಿಗೆ ಮಳೆಗಾಲ ಮುಗಿದಾಗಿನಿಂದ ಜ್ವರ. ಸಂಜೆಗೆ ಬರುತ್ತದೆ, ಬೆಳಗಿಗೆ ಬಿಡುತ್ತದೆ, ಬಿಡುವಾಗ ಮೈಮೇಲಿನದನ್ನು ಒಂದಿಷ್ಟು ಒಯ್ಯುತ್ತದೆ. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತವೆ. ಸವದತ್ತಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು ನನ್ನನ್ನು ಹೊರಗೆ ಕರೆದರು. ಔಷಧ ಕೆಲಸ ಮಾಡಬೇಕಾದರೆ ಮೈಯಲ್ಲಿ ಕಸುವು ಬೇಕು, ತತ್ತಿ ಕೊಡಿ, ಮೀನಿನ ಸಾರು ಕೊಡಿ, ಇಲ್ಲವಾದರೆ ನನ್ನನ್ನು ದೂರಬೇಡಿ ಎಂದರು. ಪಂಚೆ, ಶಲ್ಯ, ಹಣೆಯ ಮುದ್ರೆ ಎಲ್ಲವನ್ನೂ ನೋಡಿಯೇ ಹೇಳಿದರು. ನಮ್ಮದು ಪೌರೋಹಿತ್ಯದ ಮನೆತನ. ನಮ್ಮಪ್ಪ ಇದ್ದಷ್ಟು ದಿನ ಉಳ್ಳಾಗಡ್ಡಿ ಕೂಡ ಹೊಸ್ತಿಲು ದಾಟಿರಲಿಲ್ಲ.

ಅದಕ್ಕೂ ಮೊದಲು ಕಾಡ್ ಲಿವರ್ ಆಯಿಲ್ ಎಂಬ ಸೀಸೆ ಕೊಟ್ಟಿದ್ದರು. ಇಂಗ್ಲಿಷ್ ಔಷಧ ಎಂದು ಗಂಗಾ ಕಣ್ಣು ಮುಚ್ಚಿ ಕುಡಿದಳು. ಮುಖಕ್ಕೆ ಸ್ವಲ್ಪ ಕಳೆಯೂ ಬಂದಿತ್ತು. ಅಷ್ಟರಲ್ಲಿ ಕಾರವಾರದ ಬಂದರಿನಲ್ಲಿ ಕಾರಕೂನನಾಗಿರುವ ಅವಳ ತಮ್ಮ ವಾಮನ ರಜೆಯ ಮೇಲೆ ಬಂದ. ಸೀಸೆ ನೋಡಿದವನೇ, ಓಹೋ ಮೀನಿನ ಪಿತ್ತಜನಕಾಂಗದ ಎಣ್ಣೆ, ಬಹಳ ಒಳ್ಳೆಯದು ಎಂದುಬಿಟ್ಟ. ಅವತ್ತು ವಾಂತಿ, ತಲೆಸ್ನಾನ, ಉಪವಾಸ. ಸೀಸೆ ತಿಪ್ಪೆಗೆ ಹೋಯಿತು.

ಅಕ್ಕನ ಔಷಧ ತಪ್ಪಿಸಿದೆನಲ್ಲ ಎಂದು ವಾಮನ ಬಹಳ ನೊಂದುಕೊಂಡ. ಸಾರನ್ನು ತಾನೇ ಮಾಡುತ್ತೇನೆ, ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಹೊಸ ಗಡಿಗೆಯಲ್ಲಿ ಮಾಡುತ್ತೇನೆ, ಮನೆಯೊಳಗಿನ ಒಂದು ಪಾತ್ರೆಯನ್ನೂ ಮುಟ್ಟುವುದಿಲ್ಲ ಎಂದ. (ಮಾಡಲು ಎಲ್ಲಿ ಕಲಿತೆ ಎಂದು ನಾನು ಕೇಳಲಿಲ್ಲ. ಕಾರವಾರ ಎಲ್ಲವನ್ನೂ ಕಲಿಸುತ್ತದೆ.)

ಸರಿ, ಮೀನು ತರುವುದು ಹೇಗೆ?

ನಾನು ಸಂತೆಯಲ್ಲಿ ಮೀನಿನ ಬುಟ್ಟಿಯ ಮುಂದೆ ನಿಂತರೆ ಸಂಜೆಯೊಳಗೆ ಸುದ್ದಿ ಬಾವಿಕಟ್ಟೆ ಮುಟ್ಟುತ್ತದೆ. ಬೇರೆಯವರ ಕೈಲಿ ತರಿಸಿದರೆ ಇನ್ನೂ ಬೇಗ ಮುಟ್ಟುತ್ತದೆ. ಅದಕ್ಕೆ ವಾಮನ ಒಂದು ಉಪಾಯ ತೆಗೆದ. ನಾವೇ ಹಿಡಿಯೋಣ. ಹವ್ಯಾಸ ಎನ್ನೋಣ. ಸಾಹೇಬರು ಹೊಳೆಯ ದಂಡೆಯಲ್ಲಿ ಟೋಪಿ ಹಾಕಿಕೊಂಡು ಗಾಳ ಬಿಟ್ಟು ಕೂರುತ್ತಿರಲಿಲ್ಲವೇ? ಹಿಡಿಯುವವರೆಲ್ಲ ತಿನ್ನುತ್ತಾರೆಂದು ಯಾರು ಹೇಳಿದರು? ನನಗೂ ಇದು ಸರಿ ಎನಿಸಿತು. ದೇಶ ಬಿಟ್ಟು ಹೋಗುವಾಗ ಇಂಗ್ಲಿಷರು ನನಗಾಗಿ ಒಂದು ನೆಪವನ್ನಾದರೂ ಬಿಟ್ಟುಹೋದರಲ್ಲ ಎಂದುಕೊಂಡೆ. ಸಂಸ್ಕೃತ ಓದಿದ ತಲೆಗೆ ಇದರಲ್ಲಿನ ದಡ್ಡತನ ಹೊಳೆಯಲಿಲ್ಲ ನೋಡಿ.

ಗಾಳ ಕಾರವಾರದಿಂದಲೇ ಬಂದಿತ್ತು. ಗಾಳಕ್ಕೆ ಸಿಕ್ಕಿಸುವ ಎರೆ, ಅಂದರೆ ಏಡಿ, ಮಾತ್ರ ಇಲ್ಲಿಯದೇ ಆಗಬೇಕು. ಕಾರವಾರದಲ್ಲಿ ಸಮುದ್ರದ ನೀರು ಇಳಿದಾಗ ವಾಮನ ಬಂಡೆಗಳ ಸಂದಿಯಲ್ಲಿ ಕಲ್ಲು ಹೊರಳಿಸಿ ತನ್ನ ಏಡಿಯನ್ನು ತಾನೇ ಆರಿಸಿಕೊಳ್ಳುತ್ತಾನಂತೆ. ಕೊಂಡು ತಂದ ಎರೆಯನ್ನು ಮೀನು ಮೂಸಿಯೂ ನೋಡುವುದಿಲ್ಲವಂತೆ. ಹೊಳೆಯ ಮೀನಿಗೂ ಅದೇ ಮೂಗು ಎಂದು ಅವನ ವಾದ.

ಅದರಲ್ಲೂ ಎಂಥ ಏಡಿ? ಏಡಿ ಬೆಳೆಯುವಾಗ ಹಳೆಯ ಚಿಪ್ಪನ್ನು ಕಳಚಿ ಹೊರಗೆ ಬರುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದರ ಮೈ ಬೆಣ್ಣೆ. ಆ ಮೆತ್ತಗಿನ ಏಡಿ ಕಂಡರೆ ಹೊಳೆಯ ಬಾಳೆ ಮೀನು ಬಿಡುವುದಿಲ್ಲ. ಕಳಚುವ ಹೊತ್ತು ಬಂದಿದೆಯೇ ಎಂದು ತಿಳಿಯಲು ಹಿಂಗಾಲಿನ ತುದಿ ಮುರಿದು ನೋಡಬೇಕು. ಒಳಗೆ ಹೊಸ ತೊಗಲು ಕಂಡರೆ ಇಟ್ಟುಕೊಳ್ಳುವುದು, ಇಲ್ಲವಾದರೆ ನೀರಿಗೆ ಬಿಡುವುದು. ವಾಮನ ಚವಳಿಕಾಯಿ ಮುರಿದಂತೆ ಪಟಪಟ ಮುರಿದ. ನನ್ನ ಕೈ ಮೊದಲ ದಿನ ತಾನಾಗಿ ಜನಿವಾರಕ್ಕೆ ಹೋಯಿತು. ಮರುದಿನ ನಾನೂ ಮುರಿದೆ. ಮನುಷ್ಯ ಇಂಥದ್ದನ್ನು ಎಷ್ಟು ಬೇಗ ಕಲಿಯುತ್ತಾನೆ!

ಆರಿಸಿ ತಂದ ಏಡಿಗಳನ್ನು ಹಿತ್ತಲಿನ ಒಡಕು ಮಣ್ಣಿನ ಹರವಿಯಲ್ಲಿ ಹಾಕಿ, ಮೇಲೆ ಹಸಿ ಗೋಣಿಚೀಲ ಹೊದಿಸಿ ಕಾಯುತ್ತಿದ್ದೆವು. ಅವು ಹರವಿಯನ್ನು ಕೆರೆಯುವ ಸಪ್ಪಳ ಹಾಸಿಗೆಯವರೆಗೆ ಕೇಳುತ್ತಿತ್ತು. ಇವೆಲ್ಲ ಯಾತಕ್ಕೆ ಎಂದು ಗಂಗಾಳಿಗೆ ಗೊತ್ತಿತ್ತು. ಸಾರು ಕುಡಿಯುವುದಿಲ್ಲ ಎಂದು ಅವಳು ಮೊದಲೇ ಹೇಳಿಯಾಗಿತ್ತು. ಆದರೂ ದಿನಾ ಸಂಜೆ, ಜ್ವರ ಏರುವ ಮೊದಲು, ಅವಕ್ಕೆ ತಿನ್ನಲು ಏನಾದರೂ ಹಾಕಿದ್ದೀರಾ ಎಂದು ಕೇಳುತ್ತಿದ್ದಳು.

ಇನ್ನು ಗುಟ್ಟಿನ ವಿಷಯ. ಮೊದಲ ದಿನ ನಾನು ಹಾಗೆ ಬೋರಲು ಬಿದ್ದಿದ್ದಾಗ ಹೊಲಕ್ಕೆ ಹೊರಟವರೊಬ್ಬರು ಏನು ಕಳೆದುಕೊಂಡಿರಿ ಎಂದು ಕೇಳಿ, ತಾವೂ ನಾಲ್ಕು ಕಲ್ಲು ಹೊರಳಿಸಿದರು. ಹವ್ಯಾಸ ಎಂದೆ. ಆಮೇಲೆ ನೋಡಬೇಕಿತ್ತು ದಂಡೆಯನ್ನು! ಶೇಂಗಾ ಕಟ್ಟಿಕೊಂಡು ಬಂದು ಕುಳಿತರು. ಥೇಟರ್ ಇಲ್ಲದ ಊರಿಗೆ ನಾನೇ ಸಿನಿಮಾ ಆದೆ. ಸಂತೆಯಲ್ಲಾದರೆ ನಾಲ್ಕು ಜನ ನೋಡುತ್ತಿದ್ದರು, ಇಲ್ಲಿ ಇಡೀ ಊರು ನೋಡಿತು. ಗುಟ್ಟಿಗಾಗಿ ಇಂಥ ಜಾಗ ಆರಿಸಿದವನು ನನ್ನಂಥವನೇ ಆಗಬೇಕು.

ಯಾರಿಗೂ ಸಂಶಯ ಬರಲಿಲ್ಲ, ಅದು ಬೇರೆ ಮಾತು. ಮಾಸ್ತರರು ಹಿಡಿದು ಮತ್ತೆ ಬಿಟ್ಟುಬಿಡುತ್ತಾರಂತೆ, ಮನಸ್ಸನ್ನು ಒಂದೇ ಕಡೆ ನಿಲ್ಲಿಸುವ ಸಾಧನೆಯಂತೆ ಎಂದು ಅವರವರೇ ಅರ್ಥ ಹಚ್ಚಿಕೊಂಡರು. ಬಿಡಲು ಮೊದಲು ಸಿಗಬೇಕಲ್ಲ? ಹರವಿಯಲ್ಲಿ ಒಂದೂ ಚಿಪ್ಪು ಕಳಚಲಿಲ್ಲ, ಗಾಳಕ್ಕೆ ಹಾಕಿದ ಗಟ್ಟಿ ಏಡಿಗಳ ಕಾಲುಗಳನ್ನಷ್ಟೇ ಕಚ್ಚಿಕೊಂಡು ಮೀನುಗಳು ಹೋದವು. ವಾಮನನ ರಜೆ ಮುಗಿಯುತ್ತ ಬಂತು. ಅವನು ಹೋದರೆ ಸಾರು ಮಾಡುವವರೂ ಇಲ್ಲ.

ಅವನು ಹೊರಡುವ ಮುನ್ನಿನ ಶನಿವಾರ ಗಂಗಾ ನನ್ನನ್ನು ಹತ್ತಿರ ಕರೆದಳು.

“ನಾಳೆ ಸಿಕ್ಕರ ಕುಡೀತೇನಿ, ನಿಮ್ಮ ಸಲುವಾಗಿ. ಆದರ ಆಮ್ಯಾಲೆ ದೇವರ ಮನಿಗೆ ನಾ ಹೋಗೂದಿಲ್ಲ. ಹೂವಾ ನೀವ ಏರಸರಿ.”

ಆಪತ್ತಿನಲ್ಲಿ ಶಾಸ್ತ್ರ ಒಪ್ಪುತ್ತದೆ, ಬೇಕಾದರೆ ಶ್ಲೋಕ ತೋರಿಸುತ್ತೇನೆ ಎಂದೆ. ಶ್ಲೋಕ ನನಗೆ ಗೊತ್ತು, ದೇವರ ಮನೆ ಅವಳಿಗೆ ಗೊತ್ತು. ಮದುವೆಯಾಗಿ ಬಂದಂದಿನಿಂದ ಅವಳ ದಿನ ಶುರುವಾಗುವುದೇ ಅಲ್ಲಿ. ಮಕ್ಕಳಿಲ್ಲದ ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿಕೊಂಡದ್ದು ಅಲ್ಲಿಯೇ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಗೋಡೆ ಹಿಡಿದು ಹೋಗಿ, ಪೂಜೆ ಮುಗಿಸಿ ಬಂದಳು. ನಾನು ತಡೆಯಲಿಲ್ಲ. ಹಿತ್ತಲಲ್ಲಿ ಗೋಣಿಚೀಲ ಎತ್ತಿ ನೋಡಿದರೆ ಒಂದು ಏಡಿ ಚಿಪ್ಪು ಕಳಚಿ ಪಕ್ಕದಲ್ಲಿ ಕುಳಿತಿತ್ತು. ಬೆರಳು ಇಟ್ಟರೆ ಒಳಗೆ ಹೋಗುವಷ್ಟು ಮೆತ್ತಗೆ. ವಾಮನ ಅದನ್ನು ದಾರದಿಂದ ಗಾಳಕ್ಕೆ ಸುತ್ತಿಕೊಟ್ಟು, ಒಲೆ ಹೂಡಲು ಮನೆಯಲ್ಲೇ ಉಳಿದ. ನಾನೊಬ್ಬನೇ ಹೋದೆ.

ಬಾಳೆ ಮೀನು ಬಿತ್ತು. ಮೊಣಕೈಯಷ್ಟು ಉದ್ದದ್ದು. ಅದನ್ನು ದಂಡೆಗೆ ಎಳೆದಾಗ ಜನ ಕೇಕೆ ಹಾಕಿದರು. ನನಗೆ ಅಳು ಬಂತು. ಕಣ್ಣ ಮುಂದೆ ಸಾರಿನ ಬಟ್ಟಲು, ಬಟ್ಟಲು ಹಿಡಿದ ಅವಳ ಕೈ, ಮುಂಗೈಯಲ್ಲಿ ನಿಂತ ಬಳೆ, ಎಲ್ಲವೂ ಕಂಡವು.

ಆಗ ದಾದಾಸಾಹೇಬ ಮುಂದೆ ಬಂದ. ಯರಗಟ್ಟಿ ಬಸ್ಸಿನ ಡ್ರೈವರ್. ಒಳ್ಳೆಯ ಮನುಷ್ಯ. ಗಂಗಾಳನ್ನು ಡಾಕ್ಟರರ ಹತ್ತಿರ ಒಯ್ಯುವ ದಿನ ನಮ್ಮ ಬಾಗಿಲಿಗೇ ಬಸ್ಸು ತಂದು ನಿಲ್ಲಿಸುತ್ತಾನೆ, ತಗ್ಗು ಬಂದಲ್ಲೆಲ್ಲ ನಿಧಾನ ಮಾಡುತ್ತಾನೆ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದ.

“ಮಾಸ್ತರ್ರ, ನಿಮಗಂತೂ ಇದು ಬ್ಯಾಡ. ಮನ್ಯಾಗ ಮಗಳು ಬಾಣಂತಿ ಅದಾಳ್ರಿ, ಮೈಯಾಗ ಕಸುವಿಲ್ಲ. ಸವದತ್ತಿ ಡಾಕ್ಟರು ಮೀನಿನ ಸಾರು ಕೊಡ್ರಿ ಅಂದಾರ. ನನಗ ಕೊಡತೀರೇನ್ರಿ?”

ಅದೇ ಡಾಕ್ಟರು. ಅದೇ ಮಾತು. ಅಷ್ಟು ಜನರ ಎದುರಿಗೆ ಅವನು ಅದನ್ನು ಎಷ್ಟು ಸಲೀಸಾಗಿ ಹೇಳಿದ! ನಮ್ಮ ಮನೆಯಲ್ಲೂ ಬೇಕಪ್ಪಾ ಎಂದರೆ ಮುಗಿದಿತ್ತು. ಅವನು ಕೈಮುಗಿದು ಹಿಂದೆ ಸರಿಯುತ್ತಿದ್ದ, ಅದರಲ್ಲಿ ನನಗೆ ಸಂಶಯವಿಲ್ಲ. ಅರ್ಧ ನಿನಗೆ, ಅರ್ಧ ನನಗೆ ಎನ್ನಬಹುದಿತ್ತು. ಆದರೆ ದಂಡೆಯೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ನಾಳೆಯಿಂದ ನಮ್ಮ ಪಂಕ್ತಿಗೆ ಯಾರು ಕೂರುತ್ತಾರೆ? ಪೂಜೆಗೆ ನನ್ನನ್ನು ಯಾರು ಕರೆಯುತ್ತಾರೆ? ಗಂಗಾಳನ್ನು ನೋಡಲು ಬರುವ ಹೆಂಗಸರು ಅಂಗಳದಲ್ಲೇ ನಿಂತು ಹೋಗುತ್ತಾರೇನು?

ತಗೊಳ್ಳಪ್ಪಾ ಎಂದೆ. ನಕ್ಕೇ ಎಂದೆ.

ದೊಡ್ಡ ಮನಸ್ಸು ಎಂದು ಜನ ಕೊಂಡಾಡಿದರು. ದಾದಾಸಾಹೇಬ ಮೀನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಮನೆಗೆ ಬಂದಾಗ ವಾಮನ ಹಿತ್ತಲಲ್ಲಿ ಒಲೆ ಊದುತ್ತಿದ್ದ. ನಡೆದದ್ದನ್ನು ಹೇಳಿದೆ. ಅವನು ಉರಿಯುವ ಕಟ್ಟಿಗೆಗಳನ್ನು ಹಿಂದಕ್ಕೆ ಎಳೆದು ನೀರು ಹಾಕಿದ.

“ಭಾವಾ, ಅರ್ಧಾನರೆ ಕೇಳಬಾರದಿತ್ತೇನು?” ಎಂದ. ನಾನು ಗಾಳವನ್ನು ಗೋಡೆಗೆ ಒರಗಿಸಿ ಒಳಗೆ ಹೋದೆ.

ಗಂಗಾ ಹಾಸಿಗೆಯಲ್ಲಿ ಎದ್ದು ಕುಳಿತಿದ್ದಳು. ನನ್ನ ಬರಿಗೈಯನ್ನು ನೋಡಿದಳು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವಳ ಮುಖ ಅರಳಿತು. ಮಳೆಗಾಲದಿಂದ ಆ ಮುಖ ನಾನು ಕಂಡಿರಲಿಲ್ಲ.

“ದೇವರು ನನ್ನ ಕೈ ಬಿಡಲಿಲ್ಲ ನೋಡ್ರಿ,” ಎಂದಳು.

ಸಂಜೆ ತಾನೇ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಜ್ವರ ಅವತ್ತು ದಿನಕ್ಕಿಂತ ಹೆಚ್ಚಿಗೆ ಬಂತು. ವಾಮನ ಮರುದಿನ ಕಾರವಾರಕ್ಕೆ ಹೋದ. ಹೋಗುವ ಮೊದಲು ಹರವಿಯಲ್ಲಿ ಉಳಿದಿದ್ದ ಏಡಿಗಳನ್ನು ಹೊಳೆಗೆ ಬಿಟ್ಟು ಹೋದ.

ಮೊನ್ನೆ ದಾದಾಸಾಹೇಬ ನಮ್ಮ ಬಾಗಿಲಲ್ಲಿ ಬಸ್ಸು ನಿಲ್ಲಿಸಿದ. ಅವನ ಮಗಳು ಚೇತರಿಸಿಕೊಂಡಿದ್ದಾಳೆ, ಕೂಸಿಗೆ ಹಾಲು ಸಾಕಾಗುತ್ತಿದೆ. ಅಕ್ಕಾವರ ಜ್ವರ ಇನ್ನೂ ಇಳಿದಿಲ್ಲವೆಂದು ಅವನಿಗೆ ಯಾರೋ ಹೇಳಿದ್ದರಂತೆ. ಬಸ್ಸಿನಲ್ಲಿ ಜನ ಕಾಯುತ್ತಿದ್ದರೂ ಇಳಿದು ಕಟ್ಟೆಯವರೆಗೆ ಬಂದ.

“ಅವರಿಗೆ ಏನ ಬೇಕಾದರೂ ಹೇಳ್ರಿ, ಮಾಸ್ತರ್ರ. ಸಂಕೋಚ ಮಾಡಬ್ಯಾಡ್ರಿ. ಎಲ್ಲಿಂದರೆ ತಂದುಕೊಡತೇನಿ.”

ಏನೂ ಬೇಡಪ್ಪಾ, ನೀನು ಕೇಳಿದೆಯಲ್ಲ, ಅಷ್ಟೇ ಸಾಕು ಎಂದೆ. ಒಳಗೆ ಗಂಗಾ ಕೆಮ್ಮುತ್ತಿದ್ದಳು.

ಹೆಂಡತಿ ಸತ್ತರೂ ಸರಿ, ಮಂದಿಗೆ ಗೊತ್ತಾಗಬಾರದು: ನಾವು ಮರ್ಯಾದೆ ಎಂದು ಕರೆಯುವುದು ಇದನ್ನೇ ಅಲ್ಲವೇ?