ನಾರ್ವೆಯ ಅಧ್ಯಕ್ಷೆಗೆ ಮೈಸೂರು ಪೇಟ

ಆಸ್ಟ್ರೇಲಿಯಾದ ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ನಾರ್ವೆಯವರು. ಮಾತಿಗೆ ಕೂತರೆ ತಮ್ಮ ಊರಿನದೇ ವರ್ಣನೆ. ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಜಾಗವಂತೆ. ಜನರಿಗಿಂತ ಕುರಿಗಳೇ ಹೆಚ್ಚು. ಒಂದು ಶಾಲೆ, ಒಂದು ವೃದ್ಧಾಶ್ರಮ, ಆಚೆ ದಡಕ್ಕೆ ಹೋಗಲು ದೋಣಿ. ಇಷ್ಟು ಚಿಕ್ಕ ಊರಿಗೂ ಒಂದು ಸ್ವಂತ ಪುರಸಭೆ! ಈಕೆಯ ತಂಗಿಯೇ ಅದರ ಅಧ್ಯಕ್ಷೆ. ಹಸುಗಳ ಹಾಲು ಕರೆದು, ಕೈ ತೊಳೆದು ಸಭೆಗೆ ಹೋಗುವವರು.

ಆಗ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. "ಅಲ್ಲಿ ಬೀದಿ ದೀಪ ಯಾರ್ ನೋಡ್ಕೋತಾರೆ ಕೇಳು. ಕಂದಾಯ ಕಟ್ದೇ ಇದ್ರೆ ಏನ್ಮಾಡ್ತಾರೆ ಕೇಳು" ಎಂದು ನನ್ನ ತಲೆ ತಿನ್ನುತ್ತಿದ್ದಳು. ಈ ಪ್ರಶ್ನೆಗಳಿಂದ ಪಕ್ಕದ ಮನೆಯಾಕೆಗೆ ಕುತೂಹಲ ಹುಟ್ಟಿ, ಅಮ್ಮ ಹಿಂದೆ ನಮ್ಮೂರ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದಳೆಂದು ನಾನು ಬಾಯಿ ಬಿಡಬೇಕಾಯಿತು. ಸಾಮಾನ್ಯವಾಗಿ ಯಾರಿಗೂ ಹೇಳುತ್ತಿರಲಿಲ್ಲ, ನಾಚಿಕೆ. ಮಹಿಳಾ ಮೀಸಲಾತಿ ಬಂದಾಗ ಅಪ್ಪ ಅವಳನ್ನು ಚುನಾವಣೆಗೆ ನಿಲ್ಲಿಸಿದ್ದ. ಗೆದ್ದ ಮೇಲೆ ಸಭೆ ನಡೆಸಿದ್ದು ಅಪ್ಪ, ಹಾರ ತುರಾಯಿ ಅಪ್ಪನಿಗೆ. ಅಮ್ಮ ಹೆಸರಿಗಷ್ಟೇ ಅಧ್ಯಕ್ಷೆ ಎಂದೇ ನಾನು ತಿಳಿದಿದ್ದೆ.

ನಾರ್ವೆಯ ಆ ತಂಗಿ ಗಂಡನೊಂದಿಗೆ ಪರ್ತ್‌ಗೆ ಬಂದಾಗ ಎಲ್ಲರನ್ನೂ ಊಟಕ್ಕೆ ಕರೆದೆ. ಬಿಸಿಬೇಳೆಬಾತ್ ಮುಗಿಯುತ್ತಲೇ ಅಮ್ಮ ತಟ್ಟೆಯಲ್ಲಿ ಶಾಲು, ಮೈಸೂರು ಪೇಟ ಹಿಡಿದು ಬಂದಳು. ಕನ್ನಡ ಸಂಘದ ಕಾರ್ಯಕ್ರಮಕ್ಕೆ ತರಿಸಿಟ್ಟ ಪೇಟ. ಅಧ್ಯಕ್ಷೆಯನ್ನು ದಾಟಿ ಹೋಗಿ ಅವರ ಗಂಡನ ತಲೆಗೆ ಇಟ್ಟೇಬಿಟ್ಟಳು.

"ಅಮ್ಮಾ, ಅಧ್ಯಕ್ಷರು ಅವ್ರಲ್ಲ, ಅವ್ರ ಹೆಂಡ್ತಿ!"

"ಗೊತ್ತು ಕಣೇ. ಯಜಮಾನ್ರು ಎದುರಿಗೇ ಇರೋವಾಗ ಹೆಂಡ್ತಿಗೆ ಹಾಕಕ್ಕಾಗತ್ತಾ?"

ಆ ಮನುಷ್ಯ ಇದೇನೆಂದು ಕೇಳಿದರು. ನಮ್ಮಲ್ಲಿ ದೊಡ್ಡವರಿಗೆ ಮಾಡುವ ಸನ್ಮಾನ ಎಂದೆ. ಕೂಡಲೇ ಅವರು ಎದ್ದು ಪೇಟ ತೆಗೆದು ಹೆಂಡತಿಯ ತಲೆಗೆ ಇಟ್ಟರು. ಸಭೆ ನಡೆಸುವುದು ಇವಳು, ಆ ಹೊತ್ತಿಗೆ ನಾನು ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತೇನೆ ಎಂದು ನಕ್ಕರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ನಗಲಿಲ್ಲ. ಶಾಲನ್ನು ಬಿಡಿಸಿ ಆ ಹೆಂಗಸಿನ ಹೆಗಲಿಗೆ ಹೊದಿಸಿದಳು.

ಅಧ್ಯಕ್ಷೆ ಅಮ್ಮನ ಕೈ ಹಿಡಿದುಕೊಂಡು, ನೀವೂ ಅಧ್ಯಕ್ಷೆಯಾಗಿದ್ದಿರಂತೆ, ನಿಮ್ಮ ಅವಧಿಯಲ್ಲಿ ನೀವೇನು ಮಾಡಿದಿರಿ ಎಂದು ಕೇಳಿದರು. ಅಮ್ಮನಿಗೆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, ಅವಳಿಗೆ ಮುಜುಗರವಾಗದಿರಲೆಂದು ನಾನೇ ಇಂಗ್ಲಿಷಿನಲ್ಲಿ, ಅದೆಲ್ಲ ನಮ್ಮ ಅಪ್ಪ ನೋಡಿಕೊಳ್ಳುತ್ತಿದ್ದರು ಎಂದು ಶುರು ಮಾಡಿದೆ.

"ಕೇಳಿದ್ದು ನನ್ನನ್ನ. ನೀನ್ ಬಾಯ್ ಮುಚ್ಕೊಂಡಿರು" ಎಂದ ಅಮ್ಮ ಅವರತ್ತ ತಿರುಗಿದಳು. "ಸ್ಕೂಲ್. ಗರ್ಲ್ಸ್ ಟಾಯ್ಲೆಟ್. ಹಸ್ಬೆಂಡ್ ಸೇ ರೋಡ್ ಫಸ್ಟ್. ಐ ಸೇ ಟಾಯ್ಲೆಟ್ ಫಸ್ಟ್. ರೋಡ್ ಪೇಪರ್, ತ್ರೀ ಮಂತ್ಸ್, ನೋ ಸೈನ್! ದೆನ್ ಟಾಯ್ಲೆಟ್."

ಅಧ್ಯಕ್ಷೆ ಪೇಟ ಜಾರುವಷ್ಟು ನಕ್ಕು ಚಪ್ಪಾಳೆ ತಟ್ಟಿದರು. ಆ ಶೌಚಾಲಯ ಇದ್ದುದರಿಂದಲೇ ನಾನು ಹೈಸ್ಕೂಲು ಮುಗಿಸಿದ್ದು. ಅದು ಅಪ್ಪ ಕಟ್ಟಿಸಿದ್ದೆಂದು ಅಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ. ಅವತ್ತು ಮೊದಲ ಸಲ, ಅಧ್ಯಕ್ಷೆಯ ಮಗಳು ಎಂದು ಎದೆಯುಬ್ಬಿಸಿ ಕೂತೆ.