ಕನ್ನಡಿಯ ಪಕ್ಕದ ಕಾಗದ

ಹುಕ್ಕೇರಿ ಸೀಮೆಯ ಆ ಊರಿನಲ್ಲಿ ಕ್ಷೌರಿಕ ಕಾಶಿನಾಥನಷ್ಟು ಪುಕ್ಕಲ ಇನ್ನೊಬ್ಬನಿರಲಿಲ್ಲ. ಗಿರಾಕಿ ಹುಬ್ಬು ಗಂಟಿಕ್ಕಿದರೆ ಸಾಕು, ಇವನು ಬೆವರುತ್ತಿದ್ದ. ಅಪ್ಪನಿಂದ ಅಂಗಡಿ ಬಂದಿತ್ತು, ಅದರ ಜೊತೆಗೆ ಒಂದು ಕಟ್ಟಳೆಯೂ ಬಂದಿತ್ತು: ಕೆಳಗಿನ ಕೇರಿಯವರ ತಲೆ ಮುಟ್ಟಬಾರದು. ಆ ಕೇರಿಯವರು ಕೂದಲು ಕತ್ತರಿಸಿಕೊಳ್ಳಲು ಸಂಕೇಶ್ವರದ ಬಸ್ಸು ಹತ್ತುತ್ತಿದ್ದರು. ಮೂವತ್ತು ವರ್ಷ ಕಾಶಿನಾಥ ಅದನ್ನು ಕಂಡೂ ಕಾಣದಂತಿದ್ದ. ನಾಚಿಕೆಯಾಗುತ್ತಿರಲಿಲ್ಲ ಎಂದಲ್ಲ, ಹೆದರಿಕೆ ನಾಚಿಕೆಗಿಂತ ದೊಡ್ಡದಿತ್ತು.

ಶಾಲೆಯಲ್ಲಿ ಕೊಟ್ಟ ಸಂವಿಧಾನದ ಪೀಠಿಕೆಯನ್ನು ಮಗಳು ವಿದ್ಯಾ ತಂದು ಕನ್ನಡಿಯ ಪಕ್ಕ ಅಂಟಿಸಿದಳು.

"ಇದನ್ನ ಯಾಕ ಬರದಾರವ್ವಾ?"

"ದೊಡ್ಡವರಿಗೆ ಒಂದು ಮಿತಿ ಇರ್ಲಿ, ಸಣ್ಣವರಿಗೆ ಧೈರ್ಯ ಇರ್ಲಿ ಅಂತಪ್ಪಾ. ಎಲ್ಲಾರೂ ಸಮ, ಎಲ್ಲಾರಿಗೂ ಮರ್ಯಾದಿ."

ಗೋಡೆಯ ಮೇಲಿನ ಕಾಗದದಿಂದ ಯಾರಿಗೇನು ತೊಂದರೆ ಎಂದು ಕಾಶಿನಾಥ ಅದನ್ನು ಹಾಗೇ ಬಿಟ್ಟ.

ಒಂದು ಭಾನುವಾರ, ಊರಿನ ಹಿರಿಯ ರಾಜಪ್ಪ ದಾಡಿ ಮಾಡಿಸಿಕೊಂಡು ಬೆಂಚಿನ ಮೇಲೆ ಪೇಪರ್ ಓದುತ್ತ ಕೂತಿದ್ದ. ಕಾಶಿನಾಥ ಬ್ಲೇಡು ಬದಲಿಸುವಾಗ ಯಾರೋ ಬಂದು ಕುರ್ಚಿಯಲ್ಲಿ ಕೂತರು. ಅವನು ತಲೆಯೆತ್ತದೆ ರೂಢಿಯಂತೆ ಕೇಳಿಬಿಟ್ಟ: "ಕಟಿಂಗ್ ಏನ ದಾಡಿ?"

"ಕಟಿಂಗ್."

ಕನ್ನಡಿಯಲ್ಲಿದ್ದವನು ಕೆಳಗಿನ ಕೇರಿಯ ಮಾಯಪ್ಪ, ಊರವರ ಹೊಲಗಳಲ್ಲಿ ದುಡಿದು ತಲೆ ನರೆತವನು. ಕಾಶಿನಾಥ ರಾಜಪ್ಪನ ಬೆಂಚಿನತ್ತ ಕಣ್ಣು ಹಾಯಿಸಿದ. ಆದರೆ ಕಟಿಂಗೋ ದಾಡಿಯೋ ಎಂದು ತಾನೇ ಕೇಳಿದ ಮೇಲೆ ಗಿರಾಕಿಯನ್ನು ಎಬ್ಬಿಸಿ ಕಳಿಸುವುದು ಅವನ ಕಸುಬಿನಲ್ಲೇ ಇರಲಿಲ್ಲ.

ರಾಜಪ್ಪ ಪೇಪರ್ ಮಡಚಿದ. "ಕಾಶ್ಯಾ, ಅವನ ತಲಿ ಮುಟ್ಟಿದ ಕತ್ರಿ ನಮ್ಮ ತಲಿಗೆ ಬರಂಗಿಲ್ಲ. ನಾಳಿಂದ ಅಂಗಡಿ ಹೆಂಗ ನಡಸ್ತಿ, ನಾನೂ ನೋಡ್ತೇನಿ."

ಅವನು ಎದ್ದು ಹೊರಗೆ ಹೋದ. ಹೊಟ್ಟೆಪಾಡು ಅವನ ಹಿಂದೆಯೇ ಬಾಗಿಲು ದಾಟಿದಂತೆ ಕಾಶಿನಾಥನಿಗೆ ಅನಿಸಿತು. ಆದರೂ ಬಿಳಿ ಬಟ್ಟೆ ಕೊಡವಿ ಮಾಯಪ್ಪನ ಕೊರಳಿಗೆ ಸುತ್ತಿದ.

"ಕೈ ನಡಗಾಕತ್ತೈತಲ್ಲೋ ನಿಂದು," ಮಾಯಪ್ಪ ಮೆಲ್ಲಗೆ ಹೇಳಿದ.

"ಹೌದ್ರಿ, ಕಾಕಾ."

"ನಂದೂ ಜೀವ ಢವಢವ ಅನ್ನಾಕತ್ತೈತಿ. ಮನಿಂದ ಇಲ್ಲೀತನ ಮೂರ ಸರ್ತಿ ಹೊಳ್ಳಿ ಹೋಗಿದ್ನಿ."

ಎದುರಿನ ಚಹಾದಂಗಡಿಯ ಮುಂದೆ ರಾಜಪ್ಪನ ಜೊತೆ ಮೂವರು ನಿಂತಿದ್ದರು. ನೋಡನೋಡುತ್ತ ಆರಾದರು. ಎಲ್ಲರೂ ಇತ್ತಲೇ ನೋಡುತ್ತಿದ್ದರು.

"ಬಾಗಲಾ ಹಾಕ್ಲೇನ್ರಿ?" ಕಾಶಿನಾಥ ಬಾಗಿಲ ಕಡೆ ನೋಡುತ್ತ ಕೇಳಿದ.

ಮಾಯಪ್ಪ ಕನ್ನಡಿಯ ಪಕ್ಕದ ಕಾಗದವನ್ನು ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಅದರಲ್ಲಿ ಏನಿದೆಯೆಂದು ಕೇರಿಯ ಶಾಲೆ ಮಕ್ಕಳಿಂದ ಕೇಳಿ ಗೊತ್ತಿತ್ತು.

"ಬ್ಯಾಡಪಾ. ಬಾಗಲಾ ಹಾಕಿದ್ರ ನಾವಿಬ್ರೂ ಕಳವು ಮಾಡಿದಂಗ ಆಕೈತಿ."

ಹೊರಗಿನವರು ರಸ್ತೆ ದಾಟತೊಡಗಿದರು. ಕಾಶಿನಾಥ ಬಾಗಿಲನ್ನು ಇನ್ನಷ್ಟು ಅಗಲ ತೆರೆದು, ತಿರುಗಿ ಬಂದು ಕತ್ತರಿ ಎತ್ತಿಕೊಂಡ.